ಕಂಬದ ತಲೆಗೊಂದು ಕೊಡೆ

ಸಿ.ಎಸ್. ಪುರ
೯ ಫೆಬ್ರವರಿ ೨೦೨೫

ಭಾನುಪ್ರಿಯಾ,

ನನ್ನ ಆಶೀರ್ವಾದ ನಿನಗೆ ಇದ್ದೇ ಇದೆ. ಈ ಸಲ ಅದರ ಜೊತೆಗೆ ಸಿಟ್ಟೂ ಇದೆ. ಎರಡನ್ನೂ ಒಂದೇ ಲಕೋಟೆಗೆ ಹಾಕಿದ್ದೇನೆ. ತೂಕ ಜಾಸ್ತಿ ಅನ್ನಿಸಿದರೆ ಅದು ಸಿಟ್ಟಿನದು.

ನಿನ್ನ ಜೊತೆ ಫೋನಿನಲ್ಲಿ ಮಾತಾಡುವುದಿಲ್ಲ ಎಂದು ಹೇಳಿದ್ದೆ, ಮಾತಾಡುವುದಿಲ್ಲ. ಕಾಗದ ಬರೆಯುವುದಿಲ್ಲ ಎಂದು ಹೇಳಿರಲಿಲ್ಲ. ನಾಲ್ಕನೇ ಕ್ಲಾಸಿನವರೆಗೆ ಮೇಷ್ಟರ ಕೈಲಿ ಹೊಡೆಸಿಕೊಂಡು ಕಲಿತ ಅಕ್ಷರ ಸುಮ್ಮನೆ ಕೊಳೆಯುತ್ತಾ ಬಿದ್ದಿತ್ತು, ಈಗ ಕೆಲಸಕ್ಕೆ ಬಂತು. ತುಮಕೂರು ಬಸ್ಸಿನ ಕಂಡಕ್ಟರ್ ತಿಮ್ಮೇಶನ ಕೈಲಿ ಕಳಿಸುತ್ತಿದ್ದೇನೆ. "ಏನಜ್ಜಿ, ವಾಟ್ಸಾಪ್ ಕಾಲ್ದಾಗೆ ಕಾಗ್ದ ಬರೀತಿದೀಯಾ" ಅಂದ. "ನೀನು ಟಿಕೆಟ್ ಹರಿ ಕಣ್ಲಾ, ಇದುನ್ನ ಹರೀಬ್ಯಾಡ" ಅಂದೆ.

ಸಿಟ್ಟು ಯಾಕೆ ಎಂದು ನಿನಗೆ ಗೊತ್ತಿದೆ. ಆದರೂ ಬರೆಯುತ್ತೇನೆ, ಬರೆದರೆ ಹೊಟ್ಟೆಯುರಿ ಸ್ವಲ್ಪ ಇಳಿಯುತ್ತದೆ. ಹೊಸ ಮನೆಗೆ ಪಾಯದ ಗುರುತು ಹಾಕುವ ದಿನ, ಮೇಸ್ತ್ರಿ ಕರಿಬಸವಯ್ಯನ ಎದುರಿಗೆ, "ಅಜ್ಜಿ, ಇದೆಲ್ಲ ನಿಂಗ್ ಅರ್ಥ ಆಗಲ್ಲ, ಸುಮ್ನಿರು" ಅಂದೆ. ಕರಿಬಸವಯ್ಯ ಕುಣಿಗಲ್ಲಿನವನು. ಆ ಮಾತು ಅವತ್ತು ಸಂಜೆಯೇ ಕುಣಿಗಲ್ ತಲುಪಿ ಅಲ್ಲಿ ಕಾಫಿ ಕುಡಿದಿದೆ.

ನಾನು ಕೇಳಿದ್ದು ಏನು? ಹಾಲ್‌ನಲ್ಲಿ ನನ್ನ ತಲೆಯ ಮೇಲೆ ತೊಲೆ ಬೇಡ ಅಂತ. ನೀನು ಬೀಮು ಅನ್ನು, ನಾನು ತೊಲೆ ಅನ್ನುತ್ತೇನೆ, ತಲೆ ಮೇಲೆ ಇರುವುದು ಒಂದೇ. ನಿಮ್ಮ ತಾತ ದ್ಯಾವಪ್ಪ ಹಳೇ ಮನೆಯಲ್ಲಿ ತೊಲೆಯ ಕೆಳಗೆ ಹಾಸಿಗೆ ಹಿಡಿದರು. ಮಂಚ ಆ ಕಡೆಗೆ ಎಳೆಯಿರಿ ಎಂದು ನಾನು ಬಡಕೊಂಡೆ. "ಬುಡೇ, ಎಲ್ಲಿ ಮಲಗಿದ್ರೂ ನೋವು ಒಂದೇಯ" ಅಂದರು. ಏಳಲಿಲ್ಲ. ನಿನಗೆ ಅದು ಮೂಢನಂಬಿಕೆ, ನನಗೆ ಅದು ಗಂಡ. ತೊಲೆ ಇಲ್ಲದ ಹಾಲ್ ಬೇಕು ಅಂದೆ, ನೀನು ಗೊಣಗಿಕೊಂಡೇ ಬರೆದುಕೊಟ್ಟೆ. ಅಲ್ಲಿಗೆ ಸರಿ ಇತ್ತು.

ಈಗ ನೋಡಿದರೆ ಹಾಲ್ ನಡುವೆ ಒಂದು ಕಂಬ. ಆ ಕಂಬದ ತಲೆ ಮೇಲೆ ಬಿಚ್ಚಿದ ಕೊಡೆಯ ಹಾಗೆ ಅಗಲವಾಗಿ ಏನೋ ಬರೆದಿದ್ದೀಯ. ತೊಲೆಯನ್ನು ಮುಂಬಾಗಿಲಿಂದ ಓಡಿಸಿದರೆ ಹಿತ್ತಲಿಂದ ಕೊಡೆ ಹಿಡಕೊಂಡು ಬಂತಲ್ಲ ಅಂತ ಅನ್ನಿಸಿತು. ಕರಿಬಸವಯ್ಯ ಹೇಳಿದ, "ಅಮ್ಮಾ, ಇದೆಲ್ಲಾ ಪುಸ್ತಕದ ಬದ್ನೆಕಾಯಿ. ಕಂಬ ನೆಟ್ಟಗೆ ತಗೊಂಡೋಗಿ ಮೋಲ್ಡಿಗೆ ಮುಟ್ಟಿಸ್ಬುಡ್ತೀನಿ, ನೀಟಾಗಿ ಕಾಣುತ್ತೆ." ಹಾಗೇ ಮಾಡು ಅಂದಿದ್ದೇನೆ. ಇನ್ನೊಂದು ಸಣ್ಣ ಬದಲಾವಣೆ ಇದೆ. ಅದು ನನಗೂ ಅವನಿಗೂ ಇರುವ ಮಾತು, ನಿನಗೆ ಬೇಡ.

ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ ಅಜ್ಜಿ
ಸಿದ್ದಲಕ್ಷ್ಮಮ್ಮ


ತುಮಕೂರು
೧೩ ಫೆಬ್ರವರಿ ೨೦೨೫

ಪ್ರೀತಿಯ ಅಜ್ಜಿಗೆ,

ತಿಮ್ಮೇಶಣ್ಣ ನಿನ್ನ ಕಾಗದವನ್ನು ನಮ್ಮ ಆಫೀಸಿನವರೆಗೂ ತಂದುಕೊಟ್ಟರು. "ಅಜ್ಜಿ ಸಿಟ್ಟಾಗವ್ರೆ, ನಿಧಾನಕ್ಕೆ ತೆಗೀರಿ" ಅಂದರು. ನಾನೂ ಕಾಗದದಲ್ಲೇ ಉತ್ತರ ಕೊಡುತ್ತಿದ್ದೇನೆ. ಫೋನ್ ಮಾಡಿದರೆ ನೀನು ಎತ್ತಿ, ನನ್ನ ದನಿ ಕೇಳಿ, ದನಕ್ಕೆ ಬೈದ ಹಾಗೆ ಬೈದು ಇಡುತ್ತೀಯ. ಮೊನ್ನೆ ಹಾಗೇ ಮಾಡಿದೆ.

ಮೇಸ್ತ್ರಿ ಎದುರಿಗೆ ಹಾಗೆ ಹೇಳಬಾರದಿತ್ತು. ತಪ್ಪಾಯಿತು. ಈಗ ಅರ್ಥ ಮಾಡಿಸಲು ನೋಡುತ್ತೇನೆ.

ಚಾವಣಿಯ ಭಾರವನ್ನೆಲ್ಲ ಬೀಮು ಒಟ್ಟು ಮಾಡಿಕೊಂಡು ಕಂಬಕ್ಕೆ ದಾಟಿಸುತ್ತದೆ. ನೀನು ಬೀಮನ್ನು ಕೆಲಸದಿಂದ ತೆಗೆದುಹಾಕಿದೆ. ಅವನ ಕೆಲಸ ಈಗ ಯಾರು ಮಾಡಬೇಕು? ನೀವು ಮೋಲ್ಡ್ ಅನ್ನುತ್ತೀರಲ್ಲ, ಆ ತೆಳುವಾದ ಸ್ಲ್ಯಾಬೇ ಮಾಡಬೇಕು. ಅದೂ ಕಂಬದ ಕತ್ತಿನ ಸುತ್ತಲಿನ ಒಂದಿಷ್ಟು ಜಾಗದಲ್ಲಿ. ಭಾರ ಹೆಚ್ಚಾದರೆ ಸ್ಲ್ಯಾಬ್ ಅಲ್ಲಿ ಕಂಬದ ಸುತ್ತ ಕತ್ತರಿಸಿಕೊಂಡು ಕೆಳಗೆ ಬರುತ್ತದೆ, ಕಂಬ ಅದನ್ನು ತೂತು ಮಾಡಿಕೊಂಡು ಮೇಲಕ್ಕೆ ಹೋದ ಹಾಗೆ. ನಾವು ಇದನ್ನು ಪಂಚಿಂಗ್ ಶಿಯರ್ ಅನ್ನುತ್ತೇವೆ. ಕೊಡೆ ಇದ್ದರೆ ಕಂಬದ ಕತ್ತು ಅಗಲವಾಗುತ್ತದೆ, ಭಾರ ಇಳಿಯಲು ಜಾಗ ಜಾಸ್ತಿ ಸಿಗುತ್ತದೆ. ಸ್ಲ್ಯಾಬಿನ ಒಳಗೆ, ಕಂಬದ ಸುತ್ತ, ಕಂಬಿಯ ರಿಂಗುಗಳನ್ನೂ ಬರೆದಿದ್ದೇನೆ. ಅವನ್ನೂ ಬಿಡಬಾರದು.

ನಮ್ಮ ಆಫೀಸಿನ ಅಂಜನ್‌ಕುಮಾರ್ ಸರ್ ಡ್ರಾಯಿಂಗ್ ನೋಡಿ, ಕಂಬದ ತಲೆ ತೆಗೆದರೆ ನಾನು ಸೈನ್ ಹಾಕಲ್ಲ ಅಂದರು. ಅಂಜನ್ ಸರ್ ಯಾರ ಡ್ರಾಯಿಂಗನ್ನೂ ಇಷ್ಟು ಮೆಚ್ಚಿದವರಲ್ಲ, ಇದು ನಾನೊಬ್ಬಳೇ ಮಾಡಿದ ಮೊದಲ ಸ್ಲ್ಯಾಬ್ ಅಂತ ಚಹಾ ಕೊಡಿಸಿದರು. ಕೊಡೆ ಇರಲೇಬೇಕು ಅಂತ ಅಂಜನ್ ಸರ್ ಕೂಡ ನಿನಗೆ ಹೇಳಲು ಹೇಳಿದ್ದಾರೆ.

ಆ ಸಣ್ಣ ಬದಲಾವಣೆ ಏನು?

ನಿನ್ನ
ಭಾನು


ಸಿ.ಎಸ್. ಪುರ
೨೦ ಫೆಬ್ರವರಿ ೨೦೨೫

ಭಾನು,

ನಿನ್ನ ಕಾಗದ ಓದಿದೆ. ಅರ್ಧ ಚಾವಣಿಯ ಮಾತು, ಅರ್ಧ ಅಂಜನ್‌ಕುಮಾರನ ಮಾತು. ಯಾರು ಆ ಹುಡುಗ? ಚಹಾ ಕೊಡಿಸುತ್ತಾನಂತೆ. ಯಾವ ಊರಿನವರು, ಮನೆ ಇದೆಯಾ, ಅಪ್ಪ ಅಮ್ಮ ಜೊತೆಗಿದ್ದಾರಾ? ನಿಮ್ಮಮ್ಮ ಸರ್ವಮಂಗಳಳನ್ನು ಕೇಳಿದರೆ "ನಂಗೇನ್ ಗೊತ್ತತ್ತೆ" ಎಂದು ಮುಖ ಆ ಕಡೆ ತಿರುಗಿಸಿದಳು. ಗೊತ್ತಿದೆ ಅಂತ ಅದರಲ್ಲೇ ಗೊತ್ತಾಯಿತು. ನನಗೇನೂ ಅಡ್ಡಿಯಿಲ್ಲ. ಕೆಲಸ ಮಾಡುವ ಹುಡುಗ, ತಲೆಯಲ್ಲಿ ಬುದ್ಧಿ ಇದೆ. ಬಣ್ಣ ಹೇಗಾದರೂ ಇರಲಿ.

ಕೊಡೆಗೆ ಒಪ್ಪಿದ್ದೇನೆ. ನೀನು ಹೇಳಿದ್ದಕ್ಕಲ್ಲ. ಪಕ್ಕದ ಮನೆ ದಾಕ್ಷಾಯಣಿ ಬಂದು ನಿನ್ನ ಚಿತ್ರ ನೋಡಿ, "ದೇವಸ್ಥಾನದ ಕಂಬದ ಬೋದಿಗೆ ಇದ್ದಂಗೈತಲ್ಲಕ್ಕಾ" ಅಂದಳು. ಅವಳ ಮನೆಯ ಕಂಬಕ್ಕೆ ಬೋದಿಗೆ ಇಲ್ಲ. ಆದ್ದರಿಂದ ನಮ್ಮ ಮನೆಯದಕ್ಕೆ ಇರಲಿ.

ಸಣ್ಣ ಬದಲಾವಣೆ ಅಂತ ಕೇಳಿದ್ದೀಯ. ಈಗ ಎಲ್ಲಾ ರಾಜಿ ಆಗಿರುವುದರಿಂದ ಹೇಳುತ್ತೇನೆ. ಹಳೇ ಮನೆಯಲ್ಲಿ ಅಟ್ಟದ ಬಾಯಿ ನಡುಗಂಬದ ಪಕ್ಕದಲ್ಲೇ ಇತ್ತಲ್ಲ. ಕಂಬಕ್ಕೆ ಏಣಿ ಒರಗಿಸುವುದು, ಒಂದು ಕೈಯಲ್ಲಿ ಕಂಬ ಹಿಡಿಯುವುದು, ಅಟ್ಟ ಹತ್ತುವುದು. ಮದುವೆಯಾಗಿ ಬಂದ ದಿನದಿಂದ ನಾನು ಹತ್ತಿದ್ದು ಹಾಗೆ. ಹೊಸ ಮೋಲ್ಡಿಗೂ ಕಂಬಕ್ಕೆ ಅಂಟಿದ ಹಾಗೇ ಒಂದು ಬಾಯಿ ಬಿಡಲು ಹೇಳಿದ್ದೇನೆ. ಕೊಬ್ಬರಿಗೆ ಇಟ್ಟ ಕಾಯಿ ಮೇಲಿಂದ ಹೊತ್ತು ತರಬೇಕಾಗಿಲ್ಲ, ಬಾಯಲ್ಲಿ ಬಿಟ್ಟರೆ ಕಂಬದ ಪಕ್ಕದಲ್ಲಿ ಗುಡ್ಡೆ ಬೀಳುತ್ತದೆ. ಕರಿಬಸವಯ್ಯ "ಬಾಳ ಅನುಕೂಲ ಕಣಮ್ಮ" ಅಂದ. ಹಲಗೆ ಕಡಿದು ಚೌಕವೂ ಮಾಡಿದ್ದಾನೆ.

ಯುಗಾದಿಗೆ ಮುಂಚೆ ಮೋಲ್ಡ್ ಆಗಬೇಕು. ಎಷ್ಟು ದಿನ ಅಂತ ದನದ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಇರುವುದು. ಎಮ್ಮೆಗೂ ನಮ್ಮನ್ನು ಕಂಡು ಬೇಜಾರಾಗಿದೆ.

ಅಂಜನ್‌ಕುಮಾರ್ ಒಬ್ಬಟ್ಟು ತಿನ್ನುತ್ತಾನಾ?

ಸಿದ್ದಲಕ್ಷ್ಮಮ್ಮ


ತುಮಕೂರು
೨೨ ಫೆಬ್ರವರಿ ೨೦೨೫

ಅಜ್ಜಿ,

ಆ ಬಾಯಿ ಮುಚ್ಚಿಸು. ಅಟ್ಟದ್ದು.

ನೀನು ಮೇಲಿನದು "ಒಂದು ರೂಮು" ಅಂದಿದ್ದೆ. ನಾನು ಮಂಚ, ಬೀರು, ನಾಲ್ಕು ಜನ ಅಂತ ಲೆಕ್ಕ ಹಾಕಿದ್ದೇನೆ. ಅದು ಕೊಬ್ಬರಿ ಅಟ್ಟ ಅಂತ ಈಗ ಹೇಳುತ್ತೀಯ. ತೋಟದ ಕಾಯಿಯೆಲ್ಲ ಸಿಪ್ಪೆ ಸಮೇತ ನೀರು ಬತ್ತುವವರೆಗೆ, ಹತ್ತಿರ ಹತ್ತಿರ ಒಂದು ವರ್ಷ, ನನ್ನ ಸ್ಲ್ಯಾಬಿನ ಮೇಲೆ ಕೂತಿರುತ್ತದೆ. ಅಷ್ಟು ಭಾರ ಕಂಬದ ಕತ್ತಿಗೆ ಬರುವಾಗ, ಆ ಕತ್ತಿನ ಪಕ್ಕದಲ್ಲೇ ನೀನು ತೂತು ಮಾಡಿಸುತ್ತಿದ್ದೀಯ. ಭಾರ ಇಳಿಯುವ ದಾರಿಯಲ್ಲಿ ಒಂದು ಪಕ್ಕ ಪೂರ್ತಿ ಹೋಯಿತು ಅಂತ ಅರ್ಥ.

ಹಳೇ ಅಟ್ಟಕ್ಕೆ ತೊಲೆ ಇತ್ತು ಅಜ್ಜಿ. ಹಲಗೆಯನ್ನು ತೊಲೆ ಹೊತ್ತಿತ್ತು. ಬಾಯಿ ಎಲ್ಲಿದ್ದರೂ ನಡೆಯುತ್ತಿತ್ತು. ಇಲ್ಲಿ ತೊಲೆ ಬೇಡ ಅಂದವಳು ನೀನೇ.

ಅಪ್ಪನಿಗೆ ಫೋನ್ ಮಾಡಿದೆ. ಡ್ಯೂಟಿ ಮುಗಿಸಿ ಬಿದರೆಹಳ್ಳಿ ಕಾವಲ್‌ನ ಫ್ಯಾಕ್ಟರಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. "ಅವ್ವುನ್ನ ಕೇಳು ಕಣಮ್ಮ, ನಂದೇನೈತೆ" ಅಂದರು. ಕರಿಬಸವಯ್ಯನವರಿಗೆ ಮಾಡಿದೆ. "ಅಜ್ಜಿ ಹೇಳವ್ರೆ, ಅಜ್ಜಿ ಬ್ಯಾಡ ಅಂದ್ರೆ ಮುಚ್ತೀನಿ" ಅಂದರು. ಎಲ್ಲಾ ದಾರಿಯೂ ನಿನ್ನ ಹತ್ತಿರವೇ ಬರುತ್ತದೆ.

ನಂಬಿಕೆ ಇಲ್ಲದಿದ್ದರೆ ಹೀಗೆ ಮಾಡಿ ನೋಡು. ಮುದ್ದೆ ಕೋಲನ್ನು ನೆಟ್ಟಗೆ ನಿಲ್ಲಿಸು. ಅದರ ತುದಿಯ ಮೇಲೆ ಒಂದು ರಾಗಿ ರೊಟ್ಟಿಯ ನಡುಭಾಗ ಬರಲಿ. ಅಂಚನ್ನು ಅಮ್ಮ ಹಿಡಿಯಲಿ. ಮೇಲೆ ರಾಗಿ ಸುರಿಯುತ್ತಾ ಹೋಗು. ಎಲ್ಲಿ ಹರಿಯುತ್ತದೆ ನೋಡು. ಇನ್ನೊಂದು ರೊಟ್ಟಿಗೆ ಕೋಲಿನ ಪಕ್ಕದಲ್ಲೇ ತೂತು ಮಾಡಿ ಅದನ್ನೂ ನೋಡು. ಆಮೇಲೆ ಕೋಲಿನ ತುದಿಗೆ ಒಂದು ಕರಟ ಇಟ್ಟು ನೋಡು. ಆ ಕರಟವೇ ನನ್ನ ಕೊಡೆ.

ನಾನು ಹೊಸ ಭಾರಕ್ಕೆ ಡ್ರಾಯಿಂಗ್ ಮತ್ತೆ ಮಾಡುತ್ತಿದ್ದೇನೆ. ಸ್ಲ್ಯಾಬ್ ದಪ್ಪ ಆಗುತ್ತದೆ, ಕೊಡೆ ದೊಡ್ಡದಾಗುತ್ತದೆ, ರಿಂಗು ಹೆಚ್ಚಾಗುತ್ತದೆ. ಅಲ್ಲಿಯವರೆಗೆ ಮೋಲ್ಡ್ ಹಾಕಿಸಬೇಡ.

ಭಾನು

(ಅಂಜನ್ ಸರ್ ವಿಷಯ ಆಮೇಲೆ ಹೇಳುತ್ತೇನೆ.)


ಸಿ.ಎಸ್. ಪುರ
೨೭ ಫೆಬ್ರವರಿ ೨೦೨೫

ಭಾನು,

ನಿನ್ನ ಪರೀಕ್ಷೆ ಮಾಡಿದೆ. ನೀನು ಫೇಲು.

ನೀನು ಹೇಳಿದ ಹಾಗೇ ಮಾಡಿದ್ದು. ಮುದ್ದೆ ಕೋಲು ನಾನು ಹಿಡಿದೆ. ಬೆಳಿಗ್ಗೆ ನಿಮ್ಮಮ್ಮ ತಟ್ಟಿದ್ದ ರೊಟ್ಟಿ ಅದರ ಮೇಲೆ. ಅಂಚು ಅವಳೇ ಹಿಡಿದಳು. ದಾಕ್ಷಾಯಣಿ ರಾಗಿ ಸುರಿದಳು. ಹರಿಯಲಿಲ್ಲ. ಸೇರು ತಂದು ರಾಗಿ ತುಂಬಿ ಇಟ್ಟಳು. ಹರಿಯಲಿಲ್ಲ. ನಿಮ್ಮಪ್ಪ ತಿಮ್ಮರಾಜು ಡ್ಯೂಟಿಗೆ ಹೊರಟವನು ನಿಂತು, "ಇರವ್ವ, ನಾನ್ ನೋಡ್ತೀನಿ" ಎಂದು ಮೊಣಕೈ ಊರಿದ. ಕೋಲು ಜಾರಿ ನನ್ನ ಕಾಲ ಮೇಲೆ ಬಿತ್ತು. ರೊಟ್ಟಿಗೆ ಏನೂ ಆಗಿರಲಿಲ್ಲ.

ತೂತು ಮಾಡಿಯೂ ನೋಡೋಣ ಅಂತ ಚಾಕು ತೆಗೆದುಕೊಂಡರೆ ಅದು ಒಳಗೆ ಹೋಗಲು ಹಿಂದೆ ಮುಂದೆ ನೋಡಿತು. ಕೊನೆಗೆ ಕುಡುಗೋಲಿನಲ್ಲಿ ತೂತು ಮಾಡಿದೆವು. ಆಗಲೂ ಹರಿಯಲಿಲ್ಲ. ಅಷ್ಟು ಹೊತ್ತಿಗೆ ಕರಿಬಸವಯ್ಯ ಬಂದು ರೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿದ. ಟಣ್ ಅಂತು. "ಅಮ್ಮಾ, ಸಿಮೆಂಟು ಯಾಕ್ ತರ್ತೀರಿ, ಇದುನ್ನೇ ಮೋಲ್ಡಿಗೆ ಹಾಕ್ಬುಡನ ಬುಡಿ" ಅಂದ.

ನಿಮ್ಮಮ್ಮ ಅಂಚು ಬಿಟ್ಟು ಒಳಗೆ ಹೋದಳು. ಮಧ್ಯಾಹ್ನವೆಲ್ಲ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟಳು. ನಾನೇನು ಅಂದೆ? ಅವಳು ಮದುವೆಯಾಗಿ ಬಂದಾಗಿನಿಂದ ಆ ರೊಟ್ಟಿ ತಿಂದು ನನ್ನ ಹಲ್ಲು ಹೋದವು, ಇವತ್ತು ಅದರಿಂದ ಮನೆಗೆ ಒಂದು ಉಪಕಾರ ಆಯಿತು ಅಂದೆ. ಹೊಗಳಿದ್ದಕ್ಕೂ ಸಿಟ್ಟು.

ರೊಟ್ಟಿಯೇ ತಡೆದ ಮೇಲೆ ಕಾಂಕ್ರೀಟು ತಡೆಯುವುದಿಲ್ಲವಾ? ಬಾಯಿ ಇದ್ದಲ್ಲೇ ಇರುತ್ತದೆ. ಹತ್ತನೇ ತಾರೀಕು ಮೋಲ್ಡ್. ಕಾಂಕ್ರೀಟು ಕಲಸುವ ಮಿಷನ್ನಿನವನಿಗೂ ಹೇಳಿ ಆಯಿತು.

ನಿನ್ನ ಹುಡುಗನನ್ನು ಕರೆದುಕೊಂಡು ಬಾ.

ಸಿದ್ದಲಕ್ಷ್ಮಮ್ಮ


ತುಮಕೂರು
೧ ಮಾರ್ಚ್ ೨೦೨೫

ಅಜ್ಜಿ,

ನಿನ್ನ ಕಾಗದ ಓದಿ ಆಫೀಸಿನವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ನಗು ನಿಂತಿತು.

ಮನೆಯಲ್ಲಿ ಯಾರಿಗೂ ಹೇಳದ ಒಂದು ವಿಷಯ ಹೇಳುತ್ತೇನೆ. ಹೋದ ವರ್ಷ ಶ್ರಾವಣದಲ್ಲಿ ನಾನು ಹಬ್ಬಕ್ಕೆ ಬರಲಿಲ್ಲ, ಜ್ವರ ಅಂತ ಹೇಳಿದ್ದೆ. ಜ್ವರ ಇರಲಿಲ್ಲ. ಕುಣಿಗಲ್ ಕಡೆ ಒಂದು ಗೋಡೌನು ಬಿದ್ದಿತ್ತು, ನೋಡಿಕೊಂಡು ಬರಲು ನಮ್ಮನ್ನು ಕರೆದಿದ್ದರು. ಅದರಲ್ಲೂ ಬೀಮಿರಲಿಲ್ಲ. ಕಂಬಗಳಿಗೆ ಕೊಡೆಯೂ ಇರಲಿಲ್ಲ. ಪೈಪು ಇಳಿಸಲು ಯಾರೋ ಒಂದು ಕಂಬದ ಪಕ್ಕದಲ್ಲಿ ತೂತು ಕೊರೆಸಿದ್ದರು. ಮೇಲೆ ಮೂಟೆಗಳು.

ಒಳಗೆ ಹೋದಾಗ ಕಂಬ ಹಾಗೇ ನಿಂತಿತ್ತು. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಸ್ಲ್ಯಾಬ್ ಅದರ ಸುತ್ತ ನೆಲದ ಮೇಲೆ ಬಿದ್ದಿತ್ತು, ಕೈಯಿಂದ ಜಾರಿದ ಬಳೆಯ ಹಾಗೆ. ಅಲ್ಲಿನ ಕೆಲಸದವರು ಚಹಾಕ್ಕೆ ಹೊರಗೆ ಹೋಗಿದ್ದರು, ಅದಕ್ಕೇ ಉಳಿದರು, ಅಷ್ಟೇ. ಮೊದಲೇ ಬಿರುಕು ಬಿಟ್ಟಿತ್ತಾ ಅಂತ ಕೇಳಿದೆ. ಇಲ್ಲ. ಬಾಗಿತ್ತಾ? ಇಲ್ಲ. ಭಾರಕ್ಕೆ ಬಾಗುವ ಚಾವಣಿ ಬಿರುಕು ಬಿಟ್ಟು, ಜೋತುಬಿದ್ದು, ಹೇಳಿ ಬೀಳುತ್ತದೆ. ಇದು ಹೇಳುವುದಿಲ್ಲ.

ಅವತ್ತಿನಿಂದ ನಾನು ಯಾವ ಹಾಲ್‌ಗೆ ಹೋದರೂ ಮೊದಲು ಕಂಬದ ತಲೆ ನೋಡುತ್ತೇನೆ.

ಅಮ್ಮನ ರೊಟ್ಟಿ ಹರಿಯಲಿಲ್ಲ ಅಂದರೆ ಅದು ಕಾಂಕ್ರೀಟಿನ ಗುಣ ಅಲ್ಲ, ಅಮ್ಮನ ಗುಣ. ಬಾಯಿ ಅಲ್ಲೇ ಇರುವುದಾದರೆ ಡ್ರಾಯಿಂಗಿನಿಂದ ನನ್ನ ಹೆಸರು ತೆಗೆಯುತ್ತೇನೆ. ಬೇರೆಯವರ ಹತ್ತಿರ ಮಾಡಿಸಿಕೊಳ್ಳಿ. ನಿನ್ನ ಜೊತೆ ಜಗಳಕ್ಕೆ ಹೇಳುತ್ತಿಲ್ಲ. ನೀವು ಮೂರು ಜನ ಮಲಗುವ ಜಾಗದ ಮೇಲೆ, ಗೊತ್ತಿದ್ದೂ ಗೊತ್ತಿದ್ದೂ, ಅಂಥ ಚಾವಣಿ ಹಾಕಿಸಲು ನನ್ನ ಕೈಯಿಂದ ಆಗುವುದಿಲ್ಲ.

ಭಾನು


ಸಿ.ಎಸ್. ಪುರ
೯ ಮಾರ್ಚ್ ೨೦೨೫

ಭಾನು,

ಹತ್ತನೇ ತಾರೀಕಿನ ಮೋಲ್ಡ್ ಮುಂದಕ್ಕೆ ಹೋಗಿದೆ. ನಿನ್ನ ಕಾಗದ ಬಂದಿದ್ದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಮಿಷನ್ನಿನವನ ಅಜ್ಜಿಗೆ ಹುಷಾರಿಲ್ಲ. ಅವನಿಗೆ ಅಜ್ಜಿ ಇಲ್ಲ ಅಂತ ನಿಮ್ಮಪ್ಪ ಹೇಳಿದರೆ ನಂಬಬೇಡ.

ಅಟ್ಟದ ಬಾಯಿಯನ್ನು ಕಂಬದ ಹತ್ತಿರದಿಂದ ತೆಗೆಸಿ, ದೂರ, ಅಡುಗೆಮನೆ ಕಡೆಯ ಮೂಲೆಗೆ ಹಾಕಿಸಿದ್ದೇನೆ. ನನ್ನ ಮಂಡಿಗೆ ಆ ಮೂಲೆಯೇ ಅನುಕೂಲ. ಅಲ್ಲದೆ ಹಾಲ್ ನಡುವೆ ಕಾಯಿ ಬಿದ್ದರೆ ಬಂದವರ ತಲೆ ಮೇಲೆ ಬೀಳುತ್ತದೆ. ಅದನ್ನು ಯಾರೂ ಯೋಚನೆ ಮಾಡಿರಲಿಲ್ಲ, ನೀನೂ ಮಾಡಿರಲಿಲ್ಲ. ಮೂಲೆ ಸಾಕಷ್ಟು ದೂರವೋ ಇಲ್ಲವೋ ಅಂತ ನೀನು ಬಂದು ಅಳೆದುಕೋ. ಅಳೆಯಬೇಡ ಅಂದವರು ಯಾರು.

ಕರಿಬಸವಯ್ಯ ಗೊಣಗಿದ. "ಹಲಗೆ ಎರಡು ಸಲ ಕಡ್ದಂಗಾಯ್ತಲ್ಲಮ್ಮ" ಅಂದ. "ನೀನು ಮೊದ್ಲೇ ಬ್ಯಾಡ ಅಂತ ನಂಗೆ ಹೇಳಿದ್ರೆ ಎರಡ್ನೇ ಸಲ ಕಡೀಬೇಕಾಗಿರ್ಲಿಲ್ಲ" ಅಂದೆ. "ನಿಮ್ಗೆ ಬ್ಯಾಡ ಅಂದೋರು ಯಾರವ್ರೆ ಈ ಊರಾಗೆ" ಅಂದ. ಅದು ನಿಜ. ನಿಮ್ಮ ತಾತ ಇದ್ದರು. ಈಗ ಇನ್ನೊಬ್ಬಳು ಹುಟ್ಟಿಕೊಂಡಿದ್ದಾಳೆ.

ಮೊನ್ನೆ ನಾನು ರೊಟ್ಟಿ ತಟ್ಟಿದೆ. ಕೋಳಿಗೆ ಹಾಕೋಣ ಅಂತ. ಕೋಳಿಗೆ ಇಷ್ಟು ಮೆತ್ತಗಿನ ರೊಟ್ಟಿ ಯಾಕೆ ಅಂತ ನಿಮ್ಮಮ್ಮ ಕೇಳಿದಳು. ಕೋಳಿಗೆ ಹಲ್ಲಿಲ್ಲ ಅಂದೆ. ಅಷ್ಟಕ್ಕೆ ಅವಳು ಒಳಗೆ ಹೋಗಬೇಕಾ? ಇಲ್ಲ, ಅಲ್ಲೇ ನಿಂತುಕೊಂಡು ನೋಡಿದಳು. ಆಮೇಲೆ, "ಅತ್ತೆ, ಅಂಚು ಹಿಡೀಲಾ" ಅಂದಳು. ಹಿಡಿ ಅಂದೆ.

ಕರಟ ಇಟ್ಟದ್ದು ನಿಂತಿತು. ಕರಟ ಇಲ್ಲದ್ದರ ಬಗ್ಗೆ ನಾನು ಏನೂ ಬರೆಯುವುದಿಲ್ಲ. ತೂತು ಮಾಡಿದ್ದು ಎರಡು ಹಿಡಿ ರಾಗಿಗೇ ಹರಿಯಿತು. ಸದ್ದೂ ಬರಲಿಲ್ಲ. ಕೋಲು ಹಾಗೇ ನಿಂತಿತ್ತು. ನಿಮ್ಮಮ್ಮ ಕೈಯಲ್ಲಿದ್ದ ಅಂಚು ಬಿಟ್ಟು ನನ್ನ ಕೈ ಹಿಡಿದುಕೊಂಡಳು. ನಾವಿಬ್ಬರೂ ಹೀಗೆ ಕೈ ಹಿಡಿದು ನಿಂತಿದ್ದು ಅವಳು ಹೊಸಲು ದಾಟಿ ಬಂದ ದಿನವೇ ಇರಬೇಕು. ಆಮೇಲೆ ಅವಳು, "ನನ್ನ ರೊಟ್ಟಿನ ಬೈಕೊಂಡು ಇಷ್ಟ್ ದಿನ ಇದ್ರಲ್ಲ, ಕೊನೇಗೆ ಅದನ್ನೇ ನಂಬ್ಕೊಂಡು ಮೋಲ್ಡ್ ಹಾಕ್ಸಕ್ಕೆ ಹೊರ್ಟಿದ್ರಾ" ಅಂತ ಕೇಳಿದಳು. ನಾನು ಕೋಳಿ ಕರೆಯಲು ಹಿತ್ತಲಿಗೆ ಹೋದೆ.

ಇದನ್ನೆಲ್ಲ ನಿನಗೆ ಯಾಕೆ ಹೇಳುತ್ತಿದ್ದೇನೆ ಅಂದರೆ ರೊಟ್ಟಿ ವೇಸ್ಟಾಗಲಿಲ್ಲ ಅಂತ ಹೇಳಲು.

ಶ್ರಾವಣದಲ್ಲಿ ಜ್ವರ ಅಂದಾಗ ನಾನು ದೇವರಿಗೆ ಮುಡಿಪು ಕಟ್ಟಿದ್ದೆ. ಇಲ್ಲದ ಜ್ವರಕ್ಕೆ ಕಟ್ಟಿದ್ದು ಏನಾಯಿತೋ ದೇವರೇ ಬಲ್ಲ. ಇನ್ನು ಮೇಲೆ ಅಂಥದ್ದು ನೋಡಿ ಬಂದರೆ ಜ್ವರ ಅನ್ನಬೇಡ. ಹೆದರಿದೆ ಅನ್ನು. ಹೆದರಿಕೆಗೂ ನನ್ನ ಹತ್ತಿರ ಮದ್ದಿದೆ.

ಕಂಬಿ ಕಟ್ಟಿದ ಮೇಲೆ ನೋಡಲು ಬಾ. ಅವನನ್ನೂ ಕರೆದುಕೊಂಡು ಬಾ. ಒಬ್ಬಟ್ಟಿಗೆ ಬೇಳೆ ನೆನೆಹಾಕುತ್ತೇನೆ.

ಅಜ್ಜಿ


ತುಮಕೂರು
೧೧ ಮಾರ್ಚ್ ೨೦೨೫

ಅಜ್ಜಿಗೆ,

ಮೂಲೆ ಸಾಕಷ್ಟು ದೂರ. ಅಪ್ಪನ ಹತ್ತಿರ ಅಳತೆ ತರಿಸಿಕೊಂಡು ಲೆಕ್ಕ ಹಾಕಿದೆ. ಕಾಯಿಯ ಭಾರಕ್ಕೆ ಮಾಡಿದ ಹೊಸ ಡ್ರಾಯಿಂಗನ್ನು ಕರಿಬಸವಯ್ಯನವರಿಗೆ ಮೊದಲೇ ಕಳಿಸಿದ್ದೇನೆ, ಕಂಬಿಯೂ ಕೊಡೆಯೂ ಅದರ ಪ್ರಕಾರವೇ ಇರಬೇಕು.

ಶುಕ್ರವಾರ ಬರುತ್ತೇವೆ. ಅಂತರಸನಹಳ್ಳಿಯಲ್ಲಿ ಒಂದು ಶೆಡ್ಡಿನ ಕೆಲಸ ಇದೆ, ಅದು ನೋಡಿಕೊಂಡು ಸರ್ ಕಾರಿನಲ್ಲೇ ಬರುವುದು. ಶನಿವಾರ ಮೋಲ್ಡ್ ಹಾಕುವಾಗ ನಾನು ಇರಲು ಆಗುವುದಿಲ್ಲ, ಆ ಶೆಡ್ಡಿಗೂ ಅವತ್ತೇ ಕಾಂಕ್ರೀಟು. ಅದಕ್ಕೇ ಒಂದು ಕೆಲಸ ನಿನಗೆ ವಹಿಸುತ್ತೇನೆ. ಕಂಬದ ಮೇಲೆ, ಸ್ಲ್ಯಾಬಿನ ಮೇಲ್ಭಾಗದಲ್ಲಿ, ದಪ್ಪ ಕಂಬಿ ಇರುತ್ತದೆ. ಕಾಂಕ್ರೀಟು ಸುರಿಯುವವರು ಅದರ ಮೇಲೆ ನಡೆದು ನಡೆದು ಅದನ್ನು ತಳಕ್ಕೆ ಕೂರಿಸಿಬಿಡುತ್ತಾರೆ. ಮೇಲಿನ ಕಂಬಿ ಮೇಲೇ ಇರಬೇಕು. ಹಲಗೆ ಹಾಸಿ, ಹಲಗೆಯ ಮೇಲೆ ಮಾತ್ರ ನಡೆಯಬೇಕು. ನೀನು ಕೆಳಗೆ ಕುರ್ಚಿಯಲ್ಲಿ ಕೂತು ಕೂಗಿದರೆ ಸಾಕು. ಏಣಿ ಹತ್ತಬೇಡ.

ಅಜ್ಜಿ, ಒಬ್ಬಟ್ಟಿನ ವಿಷಯ. ಅಂಜನ್ ಸರ್‌ಗೆ

(ಇಲ್ಲಿ ತಿಮ್ಮೇಶಣ್ಣ ಬಂದು ಬಸ್ಸು ಹೊರಟಿತು ಅನ್ನುತ್ತಿದ್ದಾರೆ. ಬಂದಾಗ ಹೇಳುತ್ತೇನೆ.)

ಭಾನು


ಸಿ.ಎಸ್. ಪುರ
೧೬ ಮಾರ್ಚ್ ೨೦೨೫

ಭಾನು,

ಬಸ್ಸು ಇನ್ನೊಂದು ನಿಮಿಷ ನಿಂತಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ನಾನು ರೇಷ್ಮೆ ಸೀರೆ ಉಟ್ಟು ನಿಂತಿದ್ದೇನೆ. ದಾಕ್ಷಾಯಣಿ ಆರತಿ ತಟ್ಟೆ ಹಿಡಿದಿದ್ದಾಳೆ. ಕಾರಿನ ಬಾಗಿಲು ತೆಗೆದು ಇಳಿದವರಿಗೆ ತಲೆಯಲ್ಲಿ ಒಂದು ಕೂದಲಿಲ್ಲ, ಕೈಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಡಬ್ಬಿ. "ನಮಸ್ಕಾರ ತಾಯಿ, ನಂಗೂ ನಿಮ್ಮ ಥರಾನೇ ಒಬ್ಳು ಮೊಮ್ಮಗಳಿದಾಳೆ" ಅಂದರು. ದಾಕ್ಷಾಯಣಿ ಆರತಿ ತಟ್ಟೆಯನ್ನು ಎಮ್ಮೆ ಕಡೆಗೆ ತಿರುಗಿಸಿಕೊಂಡಳು. ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ನೋಡಿದ್ದೇನೆ. ಅದರ ಲೆಕ್ಕ ಬೇರೆ ಇದೆ. ಆದರೂ ಒಳ್ಳೆಯ ಮನುಷ್ಯ. ಮಾತ್ರೆ ನುಂಗಿ, ನಿನ್ನ ಕಣ್ಣು ತಪ್ಪಿಸಿ, ಒಬ್ಬಟ್ಟು ತಿಂದರು. ರಿಂಗು ಒಂದೊಂದನ್ನೂ ಕೈಯಿಂದ ಅಲ್ಲಾಡಿಸಿ ನೋಡಿದರು. "ಕೂಸು ಚೆನ್ನಾಗಿ ಮಾಡಿದೆ" ಅಂದರು. ಅದು ನಿನಗೆ ಹೇಳಬಾರದು ಅಂದಿದ್ದರು, ಹೇಳಿದ್ದೇನೆ.

ನಿನ್ನೆ ಮೋಲ್ಡ್ ಆಯಿತು. ನಾನು ಎಲ್ಲಿ ಕೂತಿದ್ದೆ ಅಂತ ಕೇಳಬೇಡ.

ಕೈಯಲ್ಲಿ ಎಮ್ಮೆ ಹೊಡೆಯುವ ಕೋಲು ಇತ್ತು. ಹಲಗೆ ಬಿಟ್ಟು ಕಂಬಿಯ ಮೇಲೆ ಕಾಲಿಟ್ಟವರ ಕಾಲಿಗೆ ಅದು ಹೋಗಿ ಬರುತ್ತಿತ್ತು. ಬೆಳಿಗ್ಗೆ ಎಲ್ಲರೂ ಬೈದುಕೊಂಡರು, ಊಟದ ಹೊತ್ತಿಗೆ ಹಗ್ಗದ ಮೇಲೆ ನಡೆಯುವ ದೊಂಬರ ಹಾಗೆ ಹಲಗೆ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಕೊನೆಗೆ ಕಾಲಿಟ್ಟವನು ಕರಿಬಸವಯ್ಯನೇ.

"ಹಲಗೆ ಮ್ಯಾಲೆ ನಡಿ" ಅಂದೆ.

"ನಾನು ಮೇಸ್ತ್ರಿ ಕಣಮ್ಮ. ಹುಟ್ದಾಗಿಂದ ಕಂಬಿ ಮ್ಯಾಲೇ ಓಡಾಡಿವ್ನಿ."

"ಅದುಕ್ಕೇ ನೀನು ಕಟ್ಟಿದ ಮನೇಲಿ ಮೇಲಿನ ಕಂಬಿ ಕೆಳಗವೆ."

"ನೋಡಿದೀರಾ?"

"ನೋಡಕ್ಕೇನೈತೆ, ನಿನ್ನ ಕಾಲು ನೋಡಿದ್ರೆ ಸಾಕು."

ಹಲಗೆಗೆ ಬಂದ. ಸ್ವಲ್ಪ ಹೊತ್ತು ಬಿಟ್ಟು, "ಅಮ್ಮಾ, ನಮ್ಮನೆ ಮೋಲ್ಡಿನ ಮ್ಯಾಲೆ ವಾಟರ್ ಟ್ಯಾಂಕ್ ಇಡ್ಬೇಕು ಅಂತಿದೀನಿ, ಭಾನಮ್ಮನ್ನ ಒಂದ್ ಮಾತು ಕೇಳ್ಲಾ" ಅಂದ. ದನಿ ಸಣ್ಣದಾಗಿತ್ತು. ಕೇಳು ಅಂದೆ. ಕೇಳುವುದರಲ್ಲಿ ಏನು ಅವಮಾನ ಅಂತಲೂ ಅಂದೆ.

ಅಜ್ಜಿ


ತುಮಕೂರು
೧೪ ಏಪ್ರಿಲ್ ೨೦೨೫

ಅಜ್ಜಿ,

ಅಮ್ಮ ಫೋಟೋ ಕಳಿಸಿದ್ದಳು. ಸ್ಲ್ಯಾಬಿನ ಮೇಲೆ, ಸೀರೆ ಎತ್ತಿ ಕಟ್ಟಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರು ಯಾರು? ಆಫೀಸಿನ ಗೋಡೆಗೆ ಅಂಟಿಸಿದ್ದಾರೆ. ಕೆಳಗೆ ಸೈಟ್ ಇಂಜಿನಿಯರ್ ಅಂತ ಬರೆದಿದ್ದಾರೆ.

ನಾಲ್ಕು ವಾರ ಕಳೆದಿದೆ, ನೀರು ಚೆನ್ನಾಗಿ ಕುಡಿಸಿದ್ದೀರಿ ಅಂತ ಅಪ್ಪ ಹೇಳ್ತಿದ್ದರು. ಕೆಳಗೆ ಆನಿಸಿದ ಸೆಂಟ್ರಿಂಗ್ ಹಲಗೆ ಬಿಚ್ಚಬಹುದು. ಲೆಕ್ಕದ ಪ್ರಕಾರ ಕಾಯಿಯನ್ನೂ ಏರಿಸಬಹುದು. ಒಂದೇ ಕಡೆ ಗುಡ್ಡೆ ಹಾಕದೆ ಹರಡಿ.

ಲೆಕ್ಕದ ಪ್ರಕಾರ ಎಲ್ಲಾ ಸರಿ ಇದೆ. ಅಂಜನ್ ಸರ್ ನೋಡಿದ್ದಾರೆ. ನಾನು ಮತ್ತೆ ಮತ್ತೆ ನೋಡಿದ್ದೇನೆ. ಆದರೂ ಹೇಳಿಬಿಡುತ್ತೇನೆ, ನೀನೇ ಹೇಳು ಅಂದೆಯಲ್ಲ. ಹೆದರಿಕೆ ಆಗುತ್ತಿದೆ. ಬೇರೆಯವರ ಕಟ್ಟಡಕ್ಕೆ ಆಗದ ಹೆದರಿಕೆ. ಲೆಕ್ಕದ ಪುಸ್ತಕ ಮುಚ್ಚಿದರೆ ಆ ಗೋಡೌನಿನ ಕಂಬ ಕಣ್ಣ ಮುಂದೆ ಬರುತ್ತದೆ.

ಈ ತಿಂಗಳ ಕೊನೆಗೆ ನಾನು ಬರುತ್ತೇನೆ. ಕಾಯಿ ಏರಿಸಿದ ಮೇಲೆ ನಾನು ಬಂದು ನೋಡುವವರೆಗೆ ಯಾರೂ ಕೆಳಗೆ ಮಲಗಬೇಡಿ. ಇದು ಲೆಕ್ಕದಲ್ಲಿ ಇಲ್ಲದ ಮಾತು. ನನಗೋಸ್ಕರ.

ನಿನ್ನ
ಭಾನು


ಸಿ.ಎಸ್. ಪುರ
೨೨ ಏಪ್ರಿಲ್ ೨೦೨೫

ಭಾನು ಮಗಳೇ,

ಸೆಂಟ್ರಿಂಗ್ ಬಿಚ್ಚಿದರು. ಹಾಲ್ ಎಷ್ಟು ದೊಡ್ಡದಾಗಿ ಕಾಣುತ್ತದೆ ಅಂದರೆ ನಿಮ್ಮಪ್ಪ ಒಳಗೆ ಬಂದು ಚಪ್ಪಲಿ ಎಲ್ಲಿ ಬಿಡಬೇಕು ಅಂತ ಗೊತ್ತಾಗದೆ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದ. ಚಾವಣಿ ಒಳ್ಳೇ ಬೋಗುಣಿ ತೊಳೆದಿಟ್ಟ ಹಾಗೆ ನುಣ್ಣಗಿದೆ. ಊರವರು ಬಂದು ಕೊಡೆ ನೋಡಿ ಹೋಗುತ್ತಿದ್ದಾರೆ. ದಾಕ್ಷಾಯಣಿ ತನ್ನ ಮನೆಯ ಕಂಬಕ್ಕೆ ಈಗ ಒಂದು ಅಂಟಿಸಲು ಬರುತ್ತದಾ ಅಂತ ಕೇಳುತ್ತಿದ್ದಾಳೆ. ಅವಳ ಮನೆಗೆ ತೊಲೆ ಇದೆ, ತೊಲೆ ಇದ್ದವರಿಗೆ ಇದು ಬೇಡ ಅಂದೆ. ನೋಡು, ನನಗೂ ಅರ್ಥ ಆಗುತ್ತದೆ.

ಮೊನ್ನೆ ಕಾಯಿ ಏರಿಸಿದೆವು. ಎಲ್ಲಾ ಏರಿಸಿದೆವು. ನೀನು ಹೇಳಿದ ಹಾಗೇ ಹರಡಿದ್ದೇವೆ. ಈ ವರ್ಷ ಫಸಲು ಚೆನ್ನಾಗಿದೆ, ಅಟ್ಟದಲ್ಲಿ ಕಾಲಿಡಲು ಜಾಗ ಇಲ್ಲ.

ಅಲ್ಲಿಯವರೆಗೆ ಎಲ್ಲರೂ ಧೈರ್ಯಸ್ಥರೇ. ಸಂಜೆ ಆದ ಮೇಲೆ ನಿಮ್ಮಪ್ಪನಿಗೆ ಇದ್ದಕ್ಕಿದ್ದ ಹಾಗೆ ಸೆಕೆಯಾಯಿತು, ಚಾಪೆ ತೆಗೆದುಕೊಂಡು ಜಗುಲಿಗೆ ಹೋದ. ನಿಮ್ಮಮ್ಮ ಎಮ್ಮೆ ಒದರುತ್ತಿದೆ ಅಂತ ಶೆಡ್ಡಿಗೆ ಹೋದಳು. ಎಮ್ಮೆ ಸುಮ್ಮನೆ ಇತ್ತು. ಕರಿಬಸವಯ್ಯ ಲೆಕ್ಕ ಮುಗಿಸಲು ಬಂದವನು ಹೊಸಲಿನ ಆಚೆಗೇ ನಿಂತು, "ಇಲ್ಲೇ ಇರ್ತೀನಿ ಬುಡಿ, ಗಾಳಿ ಚೆನ್ನಾಗೈತೆ" ಅಂದ. ಕಟ್ಟಿದವನು ಒಳಗೆ ಬರುವುದಿಲ್ಲ, ಯಜಮಾನ ಜಗುಲಿಯಲ್ಲಿ. ಬರೆದವಳು ತುಮಕೂರಿನಲ್ಲಿ ಕೂತು ಯಾರೂ ಮಲಗಬೇಡಿ ಅಂತ ಕಾಗದ ಬರೆಯುತ್ತಾಳೆ.

ನಾನು ಮಂಚ ತಂದು ಕಂಬದ ಪಕ್ಕಕ್ಕೆ ಎಳೆಸಿ, ಕೊಡೆಯ ಕೆಳಗೇ ಹಾಸಿಗೆ ಹಾಕಿಸಿದೆ. ನಿಮ್ಮಮ್ಮ ಬಾಗಿಲಲ್ಲಿ ನಿಂತು, "ಅತ್ತೆ, ಭಾನು ಬರೋಗಂಟ ಬ್ಯಾಡ ಅಂದವಳೆ" ಅಂದಳು. "ಅವಳು ಹೆದ್ರಿಕೊಂಡು ಬರ್ದವಳೆ, ನಾನು ಅವಳ ಲೆಕ್ಕ ನೋಡ್ಕೊಂಡು ಮಲಗ್ತಿದೀನಿ" ಅಂದೆ. ನಿನ್ನ ಲೆಕ್ಕ ನನಗೆ ಓದಲು ಬರುವುದಿಲ್ಲ, ಅದು ನಿನಗೂ ಗೊತ್ತು. ಆದರೆ ಎಷ್ಟು ಸಲ ಅಳಿಸಿ ಬರೆದಿದ್ದೀಯ ಅಂತ ಡ್ರಾಯಿಂಗ್ ನೋಡಿದರೆ ಗೊತ್ತಾಗುತ್ತದೆ. ಅಷ್ಟು ಸಲ ಯಾರೂ ನನಗಾಗಿ ಏನನ್ನೂ ಅಳಿಸಿ ಬರೆದಿಲ್ಲ.

ಮಲಗಿ ಮೇಲೆ ನೋಡಿದೆ. ತೊಲೆ ಇಲ್ಲ. ಕಂಬದ ತಲೆ ದೊಡ್ಡ ಹೂವು ಅರಳಿದ ಹಾಗಿದೆ, ಅದರ ಮೇಲೆ ನಮ್ಮ ತೋಟವೆಲ್ಲ ಕೂತಿದೆ. ಕಣ್ಣು ಮುಚ್ಚಿದವಳಿಗೆ ಎಚ್ಚರವಾದದ್ದು ಹಾಲು ಕರೆಯುವ ಹೊತ್ತಿಗೆ. ಎದ್ದು ನೋಡಿದರೆ ನಿಮ್ಮಮ್ಮ ನನ್ನ ಮಂಚದ ಪಕ್ಕದಲ್ಲಿ, ನೆಲದ ಮೇಲೆ, ಚಾಪೆ ಹಾಸಿಕೊಂಡು ಗೊರಕೆ ಹೊಡೆಯುತ್ತಿದ್ದಳು. ಯಾವಾಗ ಬಂದಳೋ. ನಿಮ್ಮಪ್ಪ ಇವತ್ತು ಹೊಸಲಿನವರೆಗೆ ಬಂದಿದ್ದಾನೆ.

ನೀನು ತಿಂಗಳ ಕೊನೆಗೆ ಬಂದು ನೋಡು. ಬೇಡ ಅನ್ನುವುದಿಲ್ಲ. ಈ ಕಾಗದವನ್ನೂ ಅಲ್ಲೇ ಮಲಗಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದು ಮಲಗಿ ಬರೆದದ್ದಕ್ಕೆ, ಚಾವಣಿ ಅಲ್ಲಾಡಿದ್ದಕ್ಕಲ್ಲ.

ಅಜ್ಜಿ